ಪವರ್ ಸ್ಟೇರಿಂಗಿಗೆ ಯಾವ ಎಣ್ಣೆ? ಡಬ್ಬಿ ಕೊಳ್ಳುವ ಮೊದಲು ಮೂರು ಪ್ರಶ್ನೆ

ಎಂಜಿನ್ ಆಯಿಲ್ ಎಷ್ಟು ತಾಸಿಗೊಮ್ಮೆ ಬದಲಿಸಬೇಕು ಎಂದು ಕೇಳಿದರೆ ನಮ್ಮ ಕಡೆ ಟ್ರ್ಯಾಕ್ಟರ್ ಇಟ್ಟವರೆಲ್ಲ ಥಟ್ಟನೆ ಹೇಳುತ್ತಾರೆ. ಪವರ್ ಸ್ಟೇರಿಂಗಿಗೆ ಯಾವ ಎಣ್ಣೆ ಎಂದು ಕೇಳಿ ನೋಡಿ. ಒಬ್ಬರು "ಕೆಂಪು ಎಣ್ಣಿ ರೀ" ಎನ್ನುತ್ತಾರೆ. ಇನ್ನೊಬ್ಬರು "ಹೈಡ್ರಾಲಿಕ್ ಆಯಿಲ್" ಎನ್ನುತ್ತಾರೆ. ಮೂರನೆಯವರು "ಅದಕ್ಕ ಯಾವುದು ಹಾಕಿದ್ರೂ ನಡೀತೈತಿ" ಅಂತಾರೆ. ಮೊದಲಿಬ್ಬರ ಮಾತು ಕೆಲವು ಗಾಡಿಗಳ ಮಟ್ಟಿಗೆ ಸರಿ. ಮೂರನೆಯವರ ಮಾತು ಯಾವ ಗಾಡಿಗೂ ಸರಿಯಲ್ಲ.

ನನ್ನದು ಕುಷ್ಟಗಿ ತಾಲೂಕಿನ ಮಳೆ ಆಧಾರಿತ ಹೊಲ. ಮನೆಯಲ್ಲಿ ಒಂದು ಟ್ರ್ಯಾಕ್ಟರ್, ಅಣ್ಣತಮ್ಮಂದಿರ ನಡುವೆ ಒಂದು ಪಿಕಪ್ ಗಾಡಿ ಇದೆ. ಬೀಗರು ಗಂಗಾವತಿ ಕಡೆಯ ಭತ್ತದವರು. ಎರಡೂ ಕಡೆಯ ಗಾಡಿಗಳ ಸ್ಟೇರಿಂಗ್ ಕೆಲಸ ಹತ್ತಿರದಿಂದ ನೋಡಿದ್ದೇನೆ. ಒಂದು ಲೀಟರ್ ಎಣ್ಣೆಯ ಬೆಲೆ ನೂರುಗಳ ಲೆಕ್ಕ. ಪಂಪು, ಸ್ಟೇರಿಂಗ್ ಯುನಿಟ್ ಕೆಟ್ಟರೆ ಸಾವಿರಗಳ ಲೆಕ್ಕ. ಅದೂ ನಾಟಿ ಇಲ್ಲವೆ ಬಿತ್ತಿಗೆ ಹೊತ್ತಿನಲ್ಲೇ ಕೆಟ್ಟರೆ, ತಪ್ಪಿದ ಹದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಅಲ್ಲಿ ಎಣ್ಣೆಯ ಕೆಲಸ ಏನು?

ಪವರ್ ಸ್ಟೇರಿಂಗಿನಲ್ಲಿ ಎಂಜಿನ್ನಿನಿಂದ ತಿರುಗುವ ಸಣ್ಣ ಪಂಪು ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ. ನಾವು ಸ್ಟೇರಿಂಗ್ ತಿರುವಿದ ದಿಕ್ಕಿಗೆ ಆ ಎಣ್ಣೆ ಹರಿದು ಮುಂದಿನ ಗಾಲಿಗಳನ್ನು ದೂಡುತ್ತದೆ. ಒತ್ತಡ ನೂರು ಬಾರಿನ ಆಸುಪಾಸು ಏರುವುದುಂಟು. ಟ್ರ್ಯಾಕ್ಟರಿನ ಮುಂದಿನ ಟೈರಿನ ಗಾಳಿ ಎರಡು ಬಾರ್ ಆಚೀಚೆ ಎಂದರೆ ಇದರ ಬಲ ಎಷ್ಟು ಎಂದು ತಿಳಿಯಬಹುದು.

ಒತ್ತುವುದು ಎಣ್ಣೆಯ ಒಂದು ಕೆಲಸ ಅಷ್ಟೇ. ಪಂಪಿನ ಒಳಗಿನ ಸವೆತ ತಡೆಯಬೇಕು, ಶಾಖ ಹೊತ್ತು ಹೊರಗೆ ತರಬೇಕು, ತುಕ್ಕು ಹಿಡಿಯದಂತೆ ನೋಡಬೇಕು, ರಬ್ಬರ್ ಸೀಲುಗಳನ್ನು ಹಾಳು ಮಾಡದೆ ಇರಬೇಕು. ಬೇರೆ ಎಣ್ಣೆ ಹಾಕಿದರೂ ಸ್ಟೇರಿಂಗ್ ಮೊದಲ ದಿನ ಹಗುರಾಗಿಯೇ ತಿರುಗುತ್ತದೆ. "ನಡೀತೈತಿ" ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಉಳಿದ ನಾಲ್ಕು ಕೆಲಸ ತಪ್ಪಿದ್ದು ಗೊತ್ತಾಗುವುದು ವಾರ, ತಿಂಗಳು ಕಳೆದ ಮೇಲೆ.

ಕಾರಿಗೂ ಟ್ರ್ಯಾಕ್ಟರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಾರಿನಲ್ಲಿ ಸ್ಟೇರಿಂಗಿಗೂ ಗಾಲಿಗೂ ನಡುವೆ ಕಬ್ಬಿಣದ ಸಂಪರ್ಕ ಇದ್ದೇ ಇರುತ್ತದೆ. ಎಣ್ಣೆ ಪೂರಾ ಹೋದರೂ ತಿರುವುವುದು ಭಾರವಾಗುತ್ತದೆ, ಆದರೆ ಗಾಲಿ ತಿರುಗುತ್ತದೆ. ಇಂದಿನ ಬಹಳಷ್ಟು ಪವರ್ ಸ್ಟೇರಿಂಗ್ ಟ್ರ್ಯಾಕ್ಟರುಗಳಲ್ಲಿ ಆ ಸಂಪರ್ಕವೇ ಇಲ್ಲ. ಸ್ಟೇರಿಂಗಿನ ಕೆಳಗಿನ ಯುನಿಟ್ಟಿನಿಂದ ಗಾಲಿಯ ಹತ್ತಿರದ ಸಿಲಿಂಡರಿಗೆ ಹೋಗುವುದು ಪೈಪು ಮತ್ತು ಎಣ್ಣೆ ಮಾತ್ರ. ಎಂಜಿನ್ ಬಂದಾದರೆ ಯುನಿಟ್ಟಿನಲ್ಲಿ ಉಳಿದ ಎಣ್ಣೆಯ ಬಲದಿಂದ ಕಷ್ಟಪಟ್ಟು ತಿರುವಬಹುದು. ಎಣ್ಣೆಯೇ ಖಾಲಿಯಾದರೆ ಸ್ಟೇರಿಂಗ್ ಸುಮ್ಮನೆ ತಿರುಗುತ್ತದೆ, ಗಾಲಿ ತಿರುಗುವುದಿಲ್ಲ. ಕಾಲುವೆ ದಂಡೆಯ ಮೇಲೆ ಭತ್ತದ ಚೀಲ ಹೇರಿದ ಟ್ರಾಲಿ ಎಳೆಯುವಾಗ ಹೀಗಾದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಭಾಗದಲ್ಲಿ ಸ್ಟೇರಿಂಗಿಗೆ ಏಕೆ ಭಾರ?

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇದ್ದವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕು. ಈಗ ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳು. ಜಿಲ್ಲೆ ಒಂದೇ, ಟ್ರ್ಯಾಕ್ಟರಿನ ಕೆಲಸ ಎರಡು ಥರ.

ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತ. ಕಬ್ಬಿಣದ ಗಾಲಿ ಹಾಕಿಕೊಂಡು ಕೆಸರು ಹೊಡೆಯುವಾಗ ಮುಂದಿನ ಗಾಲಿ ಅರ್ಧ ಮುಳುಗಿರುತ್ತದೆ. ಮಡಿ ಸಣ್ಣದು. ಬದುವಿಗೆ ಬಂದಾಗಲೆಲ್ಲ ಸ್ಟೇರಿಂಗನ್ನು ಕೊನೆಯ ತನಕ ತಿರುವಿ ಹಿಡಿಯುತ್ತೇವೆ. ಹಾಗೆ ಹಿಡಿದಾಗ ಎಣ್ಣೆಗೆ ಮುಂದೆ ಹೋಗಲು ದಾರಿ ಇರುವುದಿಲ್ಲ. ಒತ್ತಡ ತಗ್ಗಿಸುವ ವಾಲ್ವು ತೆರೆದು ಎಣ್ಣೆ ಅದರಲ್ಲೇ ನುಗ್ಗಿ ಬಿಸಿಯಾಗುತ್ತದೆ. ಜೊತೆಗೆ ಮುಚ್ಚಳ, ಸೀಲು ಸಡಿಲಿದ್ದರೆ ಕೆಸರು ನೀರೂ ಒಳಗೆ ಸೇರುತ್ತದೆ.

ಯಲಬುರ್ಗಾ, ಕುಕನೂರಿನ ಎರೆ ಹೊಲ, ಕುಷ್ಟಗಿಯ ಮಸಾರಿ ಹೊಲಗಳಲ್ಲಿ ನೀರಿನ ಕಾಟ ಇಲ್ಲ, ಧೂಳಿನ ಕಾಟ. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆಯುವಾಗ, ಬಿತ್ತಿಗೆಗೆ ಮೊದಲು ರೋಟಾವೇಟರ್ ಹೊಡೆಯುವಾಗ ಗಾಡಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ. ಅದನ್ನು ಒರೆಸದೆ ಎಣ್ಣೆಯ ಮುಚ್ಚಳ ತೆಗೆದರೆ ಚಿಟಿಕೆ ಮಣ್ಣು ಒಳಗೆ ಬಿದ್ದಂತೆಯೇ. ಪಂಪಿಗೆ ಅಷ್ಟು ಸಾಕು.

ಮೊದಲ ಪ್ರಶ್ನೆ: ಎಣ್ಣೆಯ ತೊಟ್ಟಿ ಬೇರೆಯೋ, ಒಂದೇನೋ?

ಟ್ರ್ಯಾಕ್ಟರಿನಲ್ಲಿ ಎರಡು ಪದ್ಧತಿ ಇದೆ. ಕೆಲವಕ್ಕೆ ಸ್ಟೇರಿಂಗಿಗೆಂದೇ ಬೇರೆ ಸಣ್ಣ ತೊಟ್ಟಿ ಇರುತ್ತದೆ. ಕೆಲವಕ್ಕೆ ಬೇರೆ ತೊಟ್ಟಿ ಇಲ್ಲ. ಗೇರ್, ಲಿಫ್ಟ್, ಬ್ರೇಕ್ ಇವಕ್ಕೆಲ್ಲ ಇರುವ ಹತ್ತಾರು ಲೀಟರ್ ಎಣ್ಣೆಯಿಂದಲೇ ಸ್ಟೇರಿಂಗ್ ಪಂಪೂ ಎಳೆದುಕೊಳ್ಳುತ್ತದೆ.

ಎಲ್ಲಕ್ಕೂ ಒಂದೇ ಎಣ್ಣೆ ಇರುವ ಗಾಡಿಗೆ ಹಾಕಬೇಕಾದ್ದು ಯುಟಿಟಿಓ ಎಂದು ಡಬ್ಬಿಯ ಮೇಲೆ ಬರೆದಿರುವ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್. ಅದರಲ್ಲೂ ನಿಮ್ಮ ಕಂಪನಿ ಹೇಳಿದ ದರ್ಜೆಯದೇ ಆಗಬೇಕು. ಆ ಎಣ್ಣೆ ಗೇರಿನ ಹಲ್ಲನ್ನೂ ಕಾಯಬೇಕು, ಎಣ್ಣೆಯಲ್ಲಿ ಮುಳುಗಿದ ಬ್ರೇಕಿನ ಪ್ಲೇಟುಗಳೂ ಅದರಲ್ಲಿ ಸರಿಯಾಗಿ ಹಿಡಿಯಬೇಕು. 'ಸ್ಟೇರಿಂಗಿಗೆ ತಾನೆ' ಎಂದು ಇದಕ್ಕೆ ಬರೀ ಹೈಡ್ರಾಲಿಕ್ ಆಯಿಲ್ ಸುರಿದರೆ ಸ್ಟೇರಿಂಗ್ ನಡೆದೀತು. ಆದರೆ ಬ್ರೇಕ್ ಒತ್ತಿದಾಗ ಕರಕರ ಸದ್ದು ಬರಬಹುದು, ಹಿಡಿತ ಕಡಿಮೆಯಾಗಬಹುದು, ಗೇರು ಬೇಗ ಸವೆಯಬಹುದು.

ಕಾರು, ಪಿಕಪ್‌ಗಳಲ್ಲಿ ಬಾನೆಟ್ ಎತ್ತಿದರೆ ಸ್ಟೇರಿಂಗಿನ ಗುರುತಿರುವ ಪ್ಲಾಸ್ಟಿಕ್ ತೊಟ್ಟಿ ಕಾಣುತ್ತದೆ. ಕಾಣದಿದ್ದರೆ ಗಾಬರಿ ಬೇಡ. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಸ್ಟೇರಿಂಗಿಗೆ ಬಲ ಕೊಡುವುದು ವಿದ್ಯುತ್ ಮೋಟರು. ಅದಕ್ಕೆ ಎಣ್ಣೆಯೇ ಬೇಡ. ಬ್ಯಾಟರಿ ಚೆನ್ನಾಗಿದ್ದರೆ ಸಾಕು.

ಎರಡನೆಯ ಪ್ರಶ್ನೆ: ಪುಸ್ತಕ ಏನು ಹೇಳುತ್ತದೆ?

ಗಾಡಿ ಕೊಂಡಾಗ ಕೊಟ್ಟ ಪುಸ್ತಕವನ್ನು ನಾವು ಬೀರುವಿನಲ್ಲಿ ಇಟ್ಟು ಮರೆಯುತ್ತೇವೆ. ಅದರಲ್ಲಿ ಎಣ್ಣೆಗಳದೇ ಒಂದು ಪಟ್ಟಿ ಇದೆ. ಎಲ್ಲಿಗೆ, ಯಾವ ದರ್ಜೆ, ಎಷ್ಟು ಲೀಟರ್, ಎಷ್ಟು ತಾಸಿಗೆ ಎಂದು ಬರೆದಿರುತ್ತದೆ. ತೊಟ್ಟಿಯ ಮುಚ್ಚಳದ ಮೇಲೂ ಹಲವು ಸಲ ಇರುತ್ತದೆ. ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ. ಪುಸ್ತಕ ಕಳೆದಿದ್ದರೆ ಮಾಡೆಲ್ಲು, ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಡೀಲರಲ್ಲಿ ಕೇಳಿ, ಉತ್ತರ ಬರೆಸಿಕೊಳ್ಳಿ. ಪಟ್ಟಿಯಲ್ಲಿ ಕಾಣುವ ಹೆಸರುಗಳ ಅರ್ಥ ಹೀಗೆ:

ಹೈಡ್ರಾಲಿಕ್ ಆಯಿಲ್ 46, 68: ಇದು ಎಣ್ಣೆಯ ದಪ್ಪದ ಅಳತೆ. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಳೆದದ್ದು. ಅಂಕಿ ದೊಡ್ಡದಾದಷ್ಟು ಎಣ್ಣೆ ದಪ್ಪ. ಅದರ ಜೊತೆ ಎಡಬ್ಲ್ಯು ಎಂದಿದ್ದರೆ ಸವೆತ ತಡೆಯುವ ಮದ್ದು ಸೇರಿದೆ ಎಂದರ್ಥ. "ನಮ್ಮ ಬಿಸಲಿಗೆ 68 ಹಾಕ್ರಿ, 46 ತೆಳು ಆಕ್ಕೈತಿ" ಎಂದು ಸಲಹೆ ಕೊಡುವವರಿದ್ದಾರೆ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ 40 ಡಿಗ್ರಿ ದಾಟುವುದು ನಿಜ. ಆದರೆ ಕೆಲಸದಲ್ಲಿರುವ ಎಣ್ಣೆ ಯಾವ ಊರಿನಲ್ಲೂ ಅದಕ್ಕಿಂತ ಬಿಸಿ ಇರುತ್ತದೆ, ಕಂಪನಿಯವರು ಆ ಲೆಕ್ಕ ಹಿಡಿದೇ ಅಂಕಿ ಬರೆದಿರುತ್ತಾರೆ. ಬೇಕೆಂದಲ್ಲಿ ಹವೆಗೆ ತಕ್ಕ ಬೇರೆ ಅಂಕಿಯನ್ನೂ ಪುಸ್ತಕದಲ್ಲೇ ಕೊಟ್ಟಿರುತ್ತಾರೆ. ಬೇಕಿದ್ದಕ್ಕಿಂತ ದಪ್ಪ ಎಣ್ಣೆಯನ್ನು ಚಳಿಗಾಲದ ಬೆಳಗ್ಗೆ ಪಂಪು ಎಳೆಯಲಾರದೆ ಕೂಗುತ್ತದೆ.

ಎಟಿಎಫ್: ಇದೇ ನಮ್ಮ 'ಕೆಂಪು ಎಣ್ಣಿ'. ಮೂಲತಃ ತಾನೇ ಗೇರ್ ಬದಲಿಸುವ ಕಾರುಗಳ ಗೇರ್‌ಬಾಕ್ಸಿಗೆ ಮಾಡಿದ್ದು. ಬಹಳ ಕಾರು, ಪಿಕಪ್‌ಗಳ ಸ್ಟೇರಿಂಗಿಗೆ, ಕೆಲವು ಟ್ರ್ಯಾಕ್ಟರಿಗೂ ಇದನ್ನೇ ಹೇಳಿರುತ್ತಾರೆ. ಇದರ ಜೊತೆ ಡೆಕ್ಸ್ರಾನ್ 2, 3 ಎಂಬ ದರ್ಜೆ ಬರೆದಿರುತ್ತದೆ. ಡೆಕ್ಸ್ರಾನ್ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ದರ್ಜೆ. 2005ರಲ್ಲಿ ಅದು 6ನೆಯ ದರ್ಜೆ ತಂದಿತು. 2006ರ ಕೊನೆಗೆ 3ನೆಯ ದರ್ಜೆಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಆದ್ದರಿಂದ ಈಗ ಡಬ್ಬಿಯ ಮೇಲೆ 'ಡೆಕ್ಸ್ರಾನ್ 3ಕ್ಕೆ ಹೊಂದುತ್ತದೆ' ಎಂದಿದ್ದರೆ ಅದು ಎಣ್ಣೆ ಮಾಡಿದವರ ಮಾತು, ಜನರಲ್ ಮೋಟರ್ಸಿನ ಮುದ್ರೆಯಲ್ಲ. ಹಾಗಾಗಿ ಮಾಡಿದವರು ಯಾರು ಎಂದು ನೋಡಿಯೇ ಕೊಳ್ಳಬೇಕು.

ಹಸಿರು ಸಿಂಥೆಟಿಕ್ ಎಣ್ಣೆ: ಕೆಲವು ದುಬಾರಿ ಕಾರುಗಳಿಗೆ ಇದೆ. ಅವಕ್ಕೆ ಅದೇ ಬೇಕು. ಕೆಂಪು ಎಣ್ಣೆಯೊಂದಿಗೆ ಬೆರೆಸಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ: ಬಣ್ಣ ನೋಡಿ ಎಣ್ಣೆ ಆರಿಸಬೇಡಿ. ಬಣ್ಣ ಗುರುತಿಗೆಂದು ಬೆರೆಸಿದ್ದು. ಯಾವ ಎಣ್ಣೆಗೂ ಕೆಂಪು ಬೆರೆಸಬಹುದು.

ಮೂರನೆಯ ಪ್ರಶ್ನೆ: ಈಗ ಒಳಗಿರುವುದು ಯಾವುದು?

ಹೊಸ ಗಾಡಿಯಾದರೆ ಈ ಪ್ರಶ್ನೆ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಇದೇ ಮುಖ್ಯ. ಎಷ್ಟು ಕೈ ದಾಟಿ ಬಂದಿದೆಯೋ, ಯಾರು ಏನು ಸುರಿದಿದ್ದಾರೋ ಗೊತ್ತಿರುವುದಿಲ್ಲ. ಅಂಥ ಗಾಡಿಗೆ ಮೇಲೆ ಮೇಲೆ ತುಂಬುವುದಕ್ಕಿಂತ ಹಳೆಯದನ್ನು ಪೂರಾ ತೆಗೆದು ಹೊಸದು ಹಾಕುವುದೇ ಲೇಸು. ತೊಟ್ಟಿ ಬೇರೆ ಇದ್ದರೆ ಎಣ್ಣೆ ಹಿಡಿಯುವುದು ಸ್ವಲ್ಪವೇ, ಖರ್ಚು ಹೆಚ್ಚಲ್ಲ.

ಹಳೆಯ ಎಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ಬೆಳಕಿಗೆ ಹಿಡಿದು ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಮಿತಿಮೀರಿ ಬಿಸಿಯಾಗಿದೆ. ಕಪ್ಪು ಚೂರು ತೇಲಿದರೆ ಪೈಪಿನ ಇಲ್ಲವೆ ಸೀಲಿನ ರಬ್ಬರ್ ಕಿತ್ತು ಬರುತ್ತಿದೆ. ಬಾಟಲಿ ಅಡಿಯಲ್ಲಿ ಮಿಂಚುವ ಪುಡಿ ಕೂತರೆ ಪಂಪು ಸವೆಯುತ್ತಿದೆ. ತೊಟ್ಟಿಯಲ್ಲಿ ನೊರೆ ಕಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ.

ನೀರಿನ ಬಗ್ಗೆ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ: ಚೆನ್ನಾಗಿ ಕಾದ ಕಬ್ಬಿಣದ ತಗಡಿನ ಮೇಲೆ ಎರಡು ಹನಿ ಬಿಡಿ. ಚಟಪಟ ಎಂದರೆ ನೀರಿದೆ. ಮುಖ ದೂರ ಇರಲಿ, ಮಕ್ಕಳು ಹತ್ತಿರ ಬೇಡ. ನಾಟಿ ಮುಗಿದ ಮೇಲೆ ಭತ್ತದ ಕಡೆಯವರೆಲ್ಲ ಇದನ್ನು ಒಮ್ಮೆ ಮಾಡಿ ನೋಡಬೇಕು.

ಹಾಕಲೇಬಾರದ ಎಣ್ಣೆಗಳು

ಬ್ರೇಕ್ ಆಯಿಲ್: ಡಾಟ್ 3, ಡಾಟ್ 4 ಎಂದು ಬರೆದ ಸಣ್ಣ ಬಾಟಲಿ. ಹೆಸರು ಆಯಿಲ್ ಆದರೂ ಇದು ಖನಿಜ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ರಬ್ಬರೇ ಬೇರೆ, ಸ್ಟೇರಿಂಗಿನ ರಬ್ಬರೇ ಬೇರೆ. ಬ್ರೇಕ್ ಆಯಿಲ್ ತಗುಲಿದರೆ ಸ್ಟೇರಿಂಗಿನ ಸೀಲುಗಳು ಉಬ್ಬಿ ಮೆತ್ತಗಾಗುತ್ತವೆ. ಬೀಗರ ಊರಿನಲ್ಲಿ ಒಂದು ಟ್ರ್ಯಾಕ್ಟರಿಗೆ ಡ್ರೈವರ್ ಇದನ್ನು ಹಾಕಿದ್ದ. 'ಇದೂ ಹೈಡ್ರಾಲಿಕ್ಕೇ, ಅದೂ ಹೈಡ್ರಾಲಿಕ್ಕೇ' ಎಂದು ಅಂಗಡಿಯವನು ಕೊಟ್ಟಿದ್ದನಂತೆ. ನಾಟಿ ಮುಗಿಯುವ ಮೊದಲೇ ಯುನಿಟ್ಟು, ಸಿಲಿಂಡರ್ ಎರಡೂ ಕಡೆ ಸೋರತೊಡಗಿತು. ಬಿಚ್ಚಿದಾಗ ಸೀಲುಗಳನ್ನು ಬೆರಳಿನಲ್ಲಿ ಹಿಂಡಬಹುದಾಗಿತ್ತು. ಎಲ್ಲ ಸೀಲೂ ಪೈಪೂ ಹೊಸದಾಗಿ ಹಾಕಿಸುವ ತನಕ ಬಾಡಿಗೆ ಟ್ರ್ಯಾಕ್ಟರಿಗೆ ಕಾದು, ಸಸಿ ಬಲಿತ ಮೇಲೆ ನಾಟಿ ಮಾಡಿದರು. ಹೀಗೆ ಹಾಕಿದ್ದು ಕೂಡಲೆ ಗೊತ್ತಾದರೆ ಗಾಡಿ ಚಾಲೂ ಮಾಡಬೇಡಿ. ತೊಟ್ಟಿಯಲ್ಲಿರುವಾಗಲೇ ತೆಗೆಸಿದರೆ ಉಳಿದ ಭಾಗ ಉಳಿದೀತು.

ಗೇರ್ ಆಯಿಲ್ 90: ಹಳೆಯ ಟ್ರ್ಯಾಕ್ಟರಿನ ಸಾದಾ ಸ್ಟೇರಿಂಗ್ ಬಾಕ್ಸಿಗೆ ಗೇರ್ ಆಯಿಲ್ ಹಾಕುವುದು ರೂಢಿ, ಅದಕ್ಕೆ ಅದು ಸರಿ. ಆ ನೆನಪಿನಲ್ಲೇ ಹಿರಿಯರು ಪವರ್ ಸ್ಟೇರಿಂಗಿಗೂ ಅದನ್ನೇ ಹೇಳುತ್ತಾರೆ. ಪಂಪಿಗೆ ಅದು ತೀರಾ ದಪ್ಪ.

ಎಂಜಿನ್ ಆಯಿಲ್: ಮನೆಯಲ್ಲಿ ಉಳಿದ 20ಡಬ್ಲ್ಯು40 ಸುರಿಯುವವರು ಬಹಳ. 40 ಡಿಗ್ರಿಯಲ್ಲಿ ಅಳೆದರೆ ಇದರ ದಪ್ಪ ನೂರರ ಮೇಲೆ, ಅಂದ್ರೆ 46ರ ಹೈಡ್ರಾಲಿಕ್ ಎಣ್ಣೆಯ ಎರಡು ಪಟ್ಟಿಗೂ ಹೆಚ್ಚು. ಪುಸ್ತಕದಲ್ಲಿ ಹೇಳಿದ್ದರೆ ಮಾತ್ರ ಹಾಕಿ.

ಡೀಸೆಲ್, ಸೀಮೆಎಣ್ಣೆ: 'ಒಳಗೆ ತೊಳೀತೀವಿ' ಎಂದು ಇವನ್ನು ಹಾಕಿ ಎಂಜಿನ್ ಓಡಿಸುವುದುಂಟು. ಅಷ್ಟು ಹೊತ್ತು ಪಂಪು ಒಣಗಿ ತಿರುಗಿದಂತೆ. ತೊಳೆಯಬೇಕಾದರೆ ಅದೇ ಜಾತಿಯ ಹೊಸ ಎಣ್ಣೆಯಲ್ಲೇ ತೊಳೆಯಬೇಕು.

ಬದಲಿಸುವ ಕ್ರಮ

1. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಮುಚ್ಚಳದ ಸುತ್ತ ಧೂಳು, ಕೆಸರು ಒರೆಸಿದ ಮೇಲೆಯೇ ತೆಗೆಯಿರಿ.

2. ತೊಟ್ಟಿಗೆ ವಾಪಸು ಬರುವ ಪೈಪು ಬಿಚ್ಚಿ ಎಣ್ಣೆ ಇಳಿಸಿ. ಫಿಲ್ಟರ್ ಇದ್ದರೆ ಬದಲಿಸಿ, ಜಾಲರಿ ಇದ್ದರೆ ತೊಳೆಯಿರಿ. ಒರೆಸಲು ಹತ್ತಿ, ಗೋಣಿಚೀಲ ಬೇಡ. ಎಳೆ ಬಿಡದ ಬಟ್ಟೆ ಇರಲಿ.

3. ಹೊಸ ಎಣ್ಣೆ ತುಂಬಿ, ಮುಂದಿನ ಗಾಲಿ ಎತ್ತಿ ಕೆಳಗೆ ಗಟ್ಟಿ ಆಸರೆ ಕೊಡಿ. ಎಂಜಿನ್ ಬಂದಿರುವಾಗಲೇ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಹಲವು ಸಲ ತಿರುವಿ. ಎಣ್ಣೆ ಇಳಿದಂತೆ ತುಂಬುತ್ತಿರಿ.

4. ಎಂಜಿನ್ ನಿಧಾನಗತಿಯಲ್ಲಿ ಇಟ್ಟು ಮತ್ತೆ ತಿರುವಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ನೊರೆ ನಿಂತು ಸದ್ದು ಅಡಗಿದರೆ ಗಾಳಿ ಹೋಗಿದೆ ಎಂದರ್ಥ.

5. ಗುರುತಿನ ತನಕ ಮಾತ್ರ ತುಂಬಿ. ಎಣ್ಣೆ ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ಎಂಜಿನ್ ಚಾಲೂ ಇರುವಾಗ ಸೋರಿಕೆಯನ್ನು ಬೆರಳಿನಲ್ಲಿ ಹುಡುಕಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದರೂ ಚುಚ್ಚಿದರೆ ನೋವಿಲ್ಲ ಎಂದು ಬಿಡದೆ ಆಗಲೇ ಆಸ್ಪತ್ರೆಗೆ ಹೋಗಿ. ತೆಗೆದ ಹಳೆ ಎಣ್ಣೆಯನ್ನು ಕಾಲುವೆಗೆ, ಹಳ್ಳಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಡಬ್ಬಿಯಲ್ಲಿ ಹಿಡಿದು, ಹಳೆ ಎಣ್ಣೆ ಕೂಡಿಡುವ ಗ್ಯಾರೇಜಿಗೆ ಕೊಡಿ.

ಭಾರವಾದದ್ದೆಲ್ಲ ಎಣ್ಣೆಯ ತಪ್ಪಲ್ಲ

ಸ್ಟೇರಿಂಗ್ ಭಾರ ಎಂದ ಕೂಡಲೆ ಎಣ್ಣೆ ಬದಲಿಸಲು ಓಡಬೇಡಿ. ಮುಂದಿನ ಟೈರಿನಲ್ಲಿ ಗಾಳಿ ಇದೆಯೇ, ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆದು ಎಷ್ಟು ದಿನವಾಯಿತು, ಪಂಪು ಬೆಲ್ಟಿನದಾದರೆ ಬೆಲ್ಟ್ ಸಡಿಲಾಗಿದೆಯೇ ಎಂದು ಮೊದಲು ನೋಡಿ. ಇವಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಣ್ಣೆ ಪದೇಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಎಂಜಿನ್ ಆಯಿಲಿನಂತೆ ಇದು ಉರಿದುಹೋಗುವ ಎಣ್ಣೆಯಲ್ಲ. ತುಂಬುತ್ತ ಹೋಗುವುದಕ್ಕಿಂತ ಸೋರುವ ಜಾಗ ಹುಡುಕಿ.

ಕೊಳ್ಳುವಾಗ

ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಎಣ್ಣೆ ಬೇಡ. ಸೀಲ್ ಇರುವ ಡಬ್ಬಿ, ಬ್ಯಾಚ್ ನಂಬರ್, ಬಿಲ್ಲು ಮೂರೂ ಇರಲಿ. ಅಂಗಡಿಯಲ್ಲಿ 'ಸ್ಟೇರಿಂಗ್ ಆಯಿಲ್ ಕೊಡ್ರಿ' ಎಂದು ಕೇಳಬೇಡಿ. ಪುಸ್ತಕದಲ್ಲಿ ಬರೆದ ದರ್ಜೆಯ ಹೆಸರು ಹೇಳಿ ಕೇಳಿ. ಅದು ಇಲ್ಲದಿದ್ದರೆ 'ಇದೂ ಅಂಥದ್ದೇ' ಎಂದು ಕೊಟ್ಟದ್ದನ್ನು ತರದೆ ಮುಂದಿನ ಅಂಗಡಿಗೆ ಹೋಗಿ. ಯಲಬುರ್ಗಾದಲ್ಲಿ ಸಿಗದ್ದು ಕೊಪ್ಪಳದಲ್ಲೋ ಗಂಗಾವತಿಯಲ್ಲೋ ಸಿಗುತ್ತದೆ. ಬಿತ್ತಿಗೆಗೆ ತಿಂಗಳು ಮೊದಲೇ ಒಂದು ಲೀಟರ್ ತಂದಿಟ್ಟರೆ ಅವಸರಕ್ಕೆ ಸಿಕ್ಕಿದ್ದು ಸುರಿಯುವ ಪ್ರಸಂಗವೇ ಬರುವುದಿಲ್ಲ.

ಇದನ್ನೆಲ್ಲ ಕೈಯಾರೆ ಕಲಿಯಬೇಕೆನ್ನುವ ಹುಡುಗರು ಊರಲ್ಲಿದ್ದರೆ, ನಮ್ಮ ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ರೈತರಿಗೆ ಟ್ರ್ಯಾಕ್ಟರ್ ನಿರ್ವಹಣೆಯ ತರಬೇತಿ ಕೊಡುತ್ತಾರೆ.

ಕೊನೆಗೆ ಒಂದು ಖರ್ಚಿಲ್ಲದ ಉಪಾಯ. ನಮ್ಮ ಗಾಡಿ ನಾವೊಬ್ಬರೇ ಹೊಡೆಯುವುದಿಲ್ಲ. ಮಗ ಹೊಡೆಯುತ್ತಾನೆ, ಅಳಿಯ ಒಯ್ಯುತ್ತಾನೆ, ಹಂಗಾಮಿನಲ್ಲಿ ಸಂಬಳದ ಡ್ರೈವರ್ ಬರುತ್ತಾನೆ. ಸ್ಟೇರಿಂಗ್ ತೊಟ್ಟಿಯ ಮೇಲೆ ಬಿಳಿ ಬಣ್ಣದಲ್ಲಿ ಎಣ್ಣೆಯ ದರ್ಜೆ, ಬದಲಿಸಿದ ತಿಂಗಳು, ಮೀಟರಿನ ತಾಸು ಇಷ್ಟನ್ನು ಬರೆಯಿರಿ. ಬ್ರೇಕ್ ಆಯಿಲ್ ತೊಟ್ಟಿಯ ಮೇಲೆ ಅದರ ಹೆಸರನ್ನೂ ಬರೆಯಿರಿ. ನಾವು ಊರಲ್ಲಿ ಇಲ್ಲದಾಗಲೂ ಗಾಡಿಯೇ ತನಗೆ ಬೇಕಾದ ಎಣ್ಣೆ ಯಾವುದೆಂದು ಹೇಳುತ್ತದೆ.